ಯಾರ ಆಟವೂ ಅಲ್ಲದ ಹತ್ತು ನಿಮಿಷ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ಹುಣಸೆಬೀಜದಂಥ ನುಣುಪಾದ ಕಂದು ಚರ್ಮವಿತ್ತು. ಸ್ಟಾಫ್ ರೂಮಿಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತರೆಂದರೆ ಆ ಬೆರಳು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ನಾನು ನನ್ನ ಊರು ನರೋಣಾ ಬಿಟ್ಟು ಜೇವರ್ಗಿಯ ಹೈಸ್ಕೂಲಿಗೆ ಕನ್ನಡ ಶಿಕ್ಷಕನಾಗಿ ಸೇರಿದಾಗ, ಅಲ್ಲಿ ಮೊದಲು ಗಮನಿಸಿದ್ದು ಆ ಬೆರಳನ್ನೇ. ಅವರು ನಮ್ಮ ಶಾಲೆಯ ಪಿ.ಟಿ. ಮಾಸ್ತರರು, ಆಳಂದದವರು. ನನ್ನನ್ನು ಮೊದಲ ದಿನದಿಂದಲೇ ‘ಪಂಡಿತರ’ ಎಂದು ಕರೆದರು. ಗೌರವಕ್ಕೋ ಕೀಟಲೆಗೋ ಕೊನೆಯವರೆಗೂ ತಿಳಿಯಲಿಲ್ಲ.

ಅವರು ಒಂದು ಕಾಲದಲ್ಲಿ ಭಾರತದ ಪರ ಫುಟ್ಬಾಲ್ ಆಡಿದವರು ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಅವರ ಮುಂದೆ ಹೇಳಿದರೆ ಮಾತ್ರ ತಕ್ಷಣ ತಿದ್ದುತ್ತಿದ್ದರು. “ಭಾರತ ಅಲ್ರಿ, ಭಾರತ ಬಿ.”

ಹುಡುಗರಾಗಿದ್ದಾಗಲೇ ಸೋದರಮಾವನ ಮನೆಗೆಂದು ಹೈದರಾಬಾದಿಗೆ ಹೋಗಿ, ಅಲ್ಲಿ ಆಟ ಕಲಿತು, ಐವತ್ತರ ದಶಕದ ಕೊನೆಯಲ್ಲಿ ರಾಷ್ಟ್ರೀಯ ತಂಡದ ಕ್ಯಾಂಪಿಗೆ ಆಯ್ಕೆಯಾಗಿದ್ದರಂತೆ. ಅಲ್ಲಿ ಮುಖ್ಯ ತಂಡಕ್ಕೂ ಸೇರಿಸಿಕೊಳ್ಳದೆ, ಮನೆಗೂ ಕಳಿಸದೆ ಉಳಿಸಿಕೊಂಡವರದ್ದು ಬಿ ತಂಡ. ಅದಕ್ಕೆ ಒಂದು ವಿಚಿತ್ರ ಕೆಲಸವಿತ್ತು. ಮುಖ್ಯ ತಂಡ ಮುಂದಿನ ವಾರ ಯಾವ ದೇಶದ ಎದುರು ಆಡಲಿದೆಯೋ, ಬಿ ತಂಡ ಆ ದೇಶವಾಗಿ ಆಡಬೇಕು.

“ಕೋಚ್ ಸಾಹೇಬ್ರು ಮುಂಜಾನೆ ಬಂದು ಹೇಳೋರು. ನೀ ಇವತ್ತು ಇರಾನದ ಹನ್ನೊಂದನೇ ನಂಬರು. ಎಡಗಾಲಿನ್ಯಾಗ ಹೊಡೀತಾನ, ದಮ್ಮು ಕಮ್ಮಿ, ಸಿಟ್ಟು ಜಾಸ್ತಿ. ಅಷ್ಟ ಹೇಳಿದ್ರ ಸಾಕು. ನಾ ಅವನಾಗಿ ಬಿಡ್ತಿದ್ದೆ. ಒಂದು ವಾರ ಊಟದಾಗೂ ಸಿಟ್ಟು ಮಾಡ್ತಿದ್ದೆ ನೋಡ್ರಿ.”

ನಾಲ್ಕು ವರ್ಷ ಹೀಗೆ ಕೊರಿಯಾದವನಾಗಿ, ಬರ್ಮಾದವನಾಗಿ, ಇರಾನದವನಾಗಿ ಆಡಿದರು. ಒಂದು ದಿನ ಕೋಚ್ ಇವರ ಭುಜ ತಟ್ಟಿ, “ಇವತ್ತು ನೀನು ಎಲ್ಲೂ ಕಾಣಲೇ ಇಲ್ಲ, ಬರೀ ಅವನೇ ಕಂಡ” ಎಂದರಂತೆ. ಈ ಮಾತನ್ನು ಮಾಸ್ತರರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲ ತಮ್ಮ ಭುಜವನ್ನು ತಾವೇ ತಟ್ಟಿಕೊಂಡು ತೋರಿಸುತ್ತಿದ್ದರು.

ಬಿ ತಂಡಕ್ಕೂ ಒಮ್ಮೆ ತನ್ನದೇ ಹೆಸರಿನಲ್ಲಿ ಹೊರದೇಶಕ್ಕೆ ಹೋಗಿ ಆಡುವ ಅವಕಾಶ ಬಂತು. ಹೊರಡುವ ಮುನ್ನಾದಿನದ ಅಭ್ಯಾಸದಲ್ಲಿ ಮುಖ್ಯ ತಂಡದವನೊಬ್ಬ ಬೂಟಿನಿಂದ ಇವರ ಕಾಲು ತುಳಿದ. ಉಗುರು ಹೋಯಿತು, ಅವಕಾಶವೂ ಹೋಯಿತು. ಮುಂದಿನ ಕ್ಯಾಂಪಿಗೆ ಕರೆಯೇ ಬರಲಿಲ್ಲ. ಇಷ್ಟನ್ನೂ ಅವರು ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿ, ಚಹಾ ಕುಡಿದು, ಸೀಟಿ ಊದುತ್ತ ಮೈದಾನಕ್ಕೆ ಹೋಗುತ್ತಿದ್ದರು.

ನಮ್ಮ ಶಾಲೆಯ ಮೈದಾನ ಎರೆಮಣ್ಣಿನದು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು, ಮಳೆ ಬಂದರೆ ಚೆಂಡಿಗಿಂತ ಕಾಲಿಗೆ ಅಂಟಿದ ಮಣ್ಣೇ ಭಾರ. ಅಲ್ಲಿಯೂ ಅವರು ಕ್ಯಾಂಪಿನ ಕೆಲಸವನ್ನೇ ಮುಂದುವರಿಸಿದರು. ಅಫಜಲಪುರದ ಶಾಲೆಯ ಜೊತೆ ಪಂದ್ಯವಿದ್ದರೆ ಒಂದು ವಾರ ಮೊದಲೇ ರಜೆ ಹಾಕಿ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. ಚೌಡಾಪುರದಲ್ಲಿ ಬಸ್ಸು ನಿಂತಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು, ಅಫಜಲಪುರದ ಮೈದಾನದ ಬೇವಿನ ಮರದ ಕೆಳಗೆ ಕೂತು, ಭಜಿ ತಿನ್ನುತ್ತ ಆ ಶಾಲೆಯ ಹುಡುಗರನ್ನು ಎರಡು ತಾಸು ನೋಡಿದರು. ಒಂದು ಅಕ್ಷರ ಬರೆದುಕೊಳ್ಳಲಿಲ್ಲ. ಮರುದಿನ ನಮ್ಮ ಮೈದಾನದಲ್ಲಿ ಅಫಜಲಪುರದ ಸೆಂಟರ್ ಫಾರ್ವರ್ಡ್ ಆಗಿ ಇಳಿದರು. ಅಂಗಿ ಹೊರಗೆ, ಒಂದು ಭುಜ ಕೆಳಗೆ, ಓಡುವ ಮೊದಲು ಮೂಗು ಒರೆಸಿಕೊಳ್ಳುವುದು, ಎಲ್ಲವೂ ಥೇಟ್ ಆ ಹುಡುಗನದೇ. ನಮ್ಮ ಹುಡುಗರು ಮೊದಲು ಬಿದ್ದು ಬಿದ್ದು ನಕ್ಕರು. ಅವರು ಸಾಲಾಗಿ ನಾಲ್ಕು ಗೋಲು ಹೊಡೆದ ಮೇಲೆ ನಗು ನಿಂತಿತು.

ಆ ಪಂದ್ಯ ನಾವು ಗೆದ್ದೆವು. ಮುಗಿದ ಮೇಲೆ ಅಫಜಲಪುರದ ಅದೇ ಹುಡುಗ ನಾಚುತ್ತ ನಮ್ಮ ಮಾಸ್ತರರ ಹತ್ತಿರ ಬಂದ. “ಸರ್, ನೀವು ನನ್ನಂಗ ಆಡ್ತೀರಂತ. ತೋರಸ್ರಿ.” ಇವರು ತೋರಿಸಿದರು. ಹುಡುಗ ಬಾಯಿ ತೆರೆದುಕೊಂಡು ನೋಡಿದ.

“ನಾ ಹಿಂಗ ಆಡ್ತೀನೇನ್ರಿ?”

“ಹಿಂಗ ಆಡ್ತಿ. ಭುಜ ಎತ್ತಿ ಓಡು, ಇನ್ನೂ ಚಲೋ ಆಡ್ತಿ.”

ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು. “ಪಂಡಿತರ, ಆ ಹುಡುಗಗ ಅವನ ಆಟ ನಾ ತೋರಸಿದೆ. ನನ್ನ ಆಟ ನನಗ ತೋರಸವರು ಯಾರ್ರಿ? ಅದು ಹ್ಯಾಂಗಿತ್ತು ಅಂತ ನನಗ ನೆನಪ ಇಲ್ಲ.” ನಾನು ಏನೋ ಹಾರಿಕೆಯ ಮಾತಾಡಿದೆ. ವ್ಯಾಕರಣದ ಪಾಠ ಬಿಟ್ಟರೆ ಉಳಿದ ಕಡೆ ನನಗೆ ಸಮಯಕ್ಕೆ ಸರಿಯಾದ ಮಾತು ಬಂದದ್ದು ಕಡಿಮೆ.

ಅವರ ನಿವೃತ್ತಿಯ ದಿನ ಶಾಲೆಯಲ್ಲಿ ಶಾಲು, ಹಾರ, ಹೆಡ್ ಮಾಸ್ತರರ ಉದ್ದನೆಯ ಭಾಷಣ ಎಲ್ಲ ಆಯಿತು. ಇವರ ಸರದಿ ಬಂದಾಗ ಮೈಕಿನ ಮುಂದೆ ನಿಂತು, “ನನಗ ಮಾತು ಬರಲ್ರಿ. ಹತ್ತು ಮಿನಿಟು ಆಡ್ತೀನಿ. ಯಾರಂಗೂ ಅಲ್ಲ, ನನ್ನಂಗ” ಎಂದರು. ಮೈದಾನಕ್ಕೆ ಇಳಿಯುವ ಮೊದಲು ನನ್ನ ಹತ್ತಿರ ಬಂದು ಶಾಲು ನನ್ನ ಕೈಗೆ ಕೊಟ್ಟರು. “ಪಂಡಿತರ, ಬರೋಬರ್ ನೋಡ್ರಿ. ಆಮ್ಯಾಲ ಹ್ಯಾಂಗ ಕಂಡೆ ಅಂತ ಹೇಳಬೇಕು. ಖರೇ ಹೇಳಬೇಕು.”

ನಾನು ಗೆರೆಯ ಪಕ್ಕ ಶಾಲು ಹಿಡಿದುಕೊಂಡು ನಿಂತೆ. ಒಂದು ಕಡೆಯ ಹುಡುಗರ ಜೊತೆ ಅವರು ಇಳಿದರು. ಮೊದಲ ಚೆಂಡು ಕಾಲಿಗೆ ಬಂದಾಗ ಅದನ್ನು ತುಳಿದು ಹಿಡಿದು, ಸುಮ್ಮನೆ ನಿಂತುಬಿಟ್ಟರು. ಯಾರಾಗಿ ಒದೆಯಲಿ ಎಂದು ತಿಳಿಯದವರ ಹಾಗೆ. ನಂತರ ಹಿಂದಕ್ಕೆ ತಿರುಗಿ ನೋಡಿ, ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಹುಡುಗನ ಕಡೆ ಚೆಂಡನ್ನು ತಳ್ಳಿದರು. ಆಮೇಲೆಯೂ ಬಂದ ಚೆಂಡನ್ನೆಲ್ಲ ಹೀಗೆ ಯಾರಿಗೋ ಕೊಡುತ್ತ ಹೋದರು. ಗೋಲಿಲ್ಲ, ಓಟವಿಲ್ಲ. ಹತ್ತು ನಿಮಿಷ ಆಯಿತು, ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

“ಹ್ಯಾಂಗ ಕಂಡೆ?”

ಅವರಿಗೆ ಖುಷಿಯಾಗಲಿ ಎಂಬುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅವರು ಹತ್ತು ಸಲ ಹೇಳಿದ್ದ, ಅವರಿಗೆ ಸಿಕ್ಕ ದೊಡ್ಡ ಶಹಬ್ಬಾಸ್‌ಗಿರಿ ನೆನಪಾಯಿತು. ಕೋಚ್ ತಟ್ಟಿದಂತೆಯೇ ಭುಜ ತಟ್ಟಿ ಹೇಳಿದೆ. “ಮಾಸ್ತರ್ರ, ಇವತ್ತು ನೀವು ಎಲ್ಲೂ ಕಾಣಲೇ ಇಲ್ರಿ!”

“ಹೌದೇನ್ರಿ” ಎಂದರು. ಶಾಲು ಇಸಿದುಕೊಂಡರು. ಕಟ್ಟೆಯ ಮೇಲೆ ಕೂತು ಚಪ್ಪಲಿ ಹಾಕಿಕೊಂಡರು. ನಾನು ಇನ್ನೂ ನಗುತ್ತಲೇ ಇದ್ದೆ. ಮರುದಿನ ಅವರು ಸಾಮಾನು ಕಟ್ಟಿಕೊಂಡು ಆಳಂದಕ್ಕೆ ಹೋದರು.

ಹೊಸ ಪಿ.ಟಿ. ಶಿಕ್ಷಕರು ಬಂದ ಮೇಲೆ ಒಂದು ದಿನ ಆ ಕನ್ನಡಕದ ಹುಡುಗ ಆಟದ ವೇಳೆಯಲ್ಲಿ ಗೋಡೆಯ ನೆರಳಲ್ಲಿ ಕೂತಿದ್ದ. ಯಾಕೆ ಆಡುವುದಿಲ್ಲ ಎಂದು ಕೇಳಿದೆ. “ನನಗ ಯಾರೂ ಚೆಂಡು ಕೊಡಂಗಿಲ್ರಿ. ಹಳೇ ಸರ್ ಇದ್ದಾಗ ಬರ್ತಿತ್ತು. ಅವರು ಯಾರಂಗ ಆಡಿದ್ರೂ, ಯಾರಿಗೆ ಚೆಂಡು ಸಿಕ್ಕಿಲ್ಲ ಅಂತ ಹಿಂದ ಹೊಳ್ಳಿ ನೋಡಿ ಅವರಿಗೇ ಕೊಡ್ತಿದ್ರು” ಎಂದ.

ನಾನು ಬಿಸಿಲಲ್ಲೇ ನಿಂತುಬಿಟ್ಟೆ. ಹೌದು. ಅಫಜಲಪುರದವನಾಗಿ ಆಡುವಾಗಲೂ ಮೂಗು ಒರೆಸಿಕೊಂಡು, ಭುಜ ಇಳಿಸಿ, ಆಮೇಲೆ ಒಮ್ಮೆ ಹಿಂದಕ್ಕೆ ತಿರುಗುತ್ತಿದ್ದರು. ಅಫಜಲಪುರದ ಹುಡುಗ ಹಿಂದೆ ತಿರುಗಿ ನೋಡುವವನೇ ಅಲ್ಲ. ಅದು ಇವರದು. ಹತ್ತು ವರ್ಷ ದಿನಾ ನನ್ನ ಕಣ್ಣ ಮುಂದೆಯೇ ಇತ್ತು. ಆ ಹತ್ತು ನಿಮಿಷವಂತೂ ಅದರ ಹೊರತು ಬೇರೇನೂ ಇರಲಿಲ್ಲ.

ಆಳಂದಕ್ಕೆ ಹೋಗಿ ಹೇಳಿ ಬರಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದೆ, ಪೇಪರ್ ತಿದ್ದುವುದು ಮುಗಿಯಲಿ ಎಂದೆ. ಹೇಳಿಕೊಳ್ಳುವಂಥ ಅಡ್ಡಿ ಯಾವುದೂ ಇರಲಿಲ್ಲ, ಸುಮ್ಮನೆ ಹೋಗಲಿಲ್ಲ. ಎರಡು ವರ್ಷ ಹೀಗೆ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ಬಸ್ ಕಂಡಕ್ಟರೊಬ್ಬರು ಶಾಲೆಗೆ ಚೀಟಿ ತಂದುಕೊಟ್ಟರು, ಮಾಸ್ತರರು ತೀರಿಕೊಂಡಿದ್ದರು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ನಾನು ಆಳಂದ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಮನೆಯ ಮುಂದೆ ಕುರ್ಚಿ ಹಾಕಿದ್ದರು, ಕೂತೆ. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕು ಎಂದು ಕಾದೆ, ಆದರೂ ಅನ್ನಿಸಲಿಲ್ಲ. ಬಾಗಿಲ ಬಳಿ ಅವರ ಚಪ್ಪಲಿ ಇದ್ದವು, ಬಲಗಾಲಿನದು ಹೆಬ್ಬೆರಳಿನ ಜಾಗದಲ್ಲಿ ಸವೆದಿತ್ತು. ಅದನ್ನೇ ನೋಡುತ್ತ ಕೂತಿದ್ದೆ. ಇದನ್ನು ಬರೆಯುತ್ತಿರುವ ಈಗಲೂ ಅದಕ್ಕಿಂತ ಹೆಚ್ಚಿನದೇನೂ ಆಗುತ್ತಿಲ್ಲ.

ಅವರ ಮಗ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತ. ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವವನು, ಆಟದ ಕಡೆ ಹೋದವನಲ್ಲ.

“ಸರ್, ಅಬ್ಬಾ ಆಡೂದು ನಾ ಒಮ್ಮೆನೂ ನೋಡಿಲ್ರಿ. ನೀವು ನೋಡೀರಿ. ಹ್ಯಾಂಗ ಆಡ್ತಿದ್ರು?”

ಹೇಳಿದೆ. ಚೆಂಡು ಬಂದರೆ ತುಳಿದು ಹಿಡಿಯುವುದು, ಹಿಂದಕ್ಕೆ ತಿರುಗಿ ನೋಡುವುದು, ಯಾರಿಗೆ ಚೆಂಡು ಸಿಕ್ಕಿಲ್ಲವೋ ಅವರನ್ನು ಹುಡುಕಿ ಕೊಡುವುದು. ಯಾರಾಗಿ ಆಡಿದರೂ ಅದೊಂದು ಬದಲಾಗುತ್ತಿರಲಿಲ್ಲ ಎಂದೆ. ಕೂತಲ್ಲೇ ಕತ್ತು ತಿರುಗಿಸಿ ತೋರಿಸಿದೆ ಕೂಡ. ಅವನು ಬಹಳ ಲಕ್ಷ್ಯಕೊಟ್ಟು ನೋಡಿದ.

“ಅಬ್ಬಾಗ ಇದು ಗೊತ್ತಿತ್ತೇನ್ರಿ?”

“ಇಲ್ಲಪಾ” ಎಂದೆ. “ಅವರು ನನಗ ಕೇಳಿದ್ರು.”