ತಲೆ ಬಂತು

ತಿಪಟೂರಿನ ರಿವೆಟ್ ಮೊಳೆ ಮಾಡುವ ಶೆಡ್ಡಿನಲ್ಲಿ ನಾನು ಗುಮಾಸ್ತನಾಗಿದ್ದಾಗ, ಮಿಷನ್ ಮೇಸ್ತ್ರಿಗೆ ಒಂದು ಹುಚ್ಚಿತ್ತು. ಕೊಬ್ಬರಿ ಮಾರಲು ಸಂತೆಗೆ ಬಂದವರನ್ನೂ ಕರೆತಂದು ತನ್ನ ಮಿಷನ್ ತೋರಿಸುತ್ತಿದ್ದ. ಅದು ತಣ್ಣನೆಯ ತಂತಿಯನ್ನು ತುಂಡರಿಸಿ, ಅಚ್ಚಿಗೆ ತಳ್ಳಿ, ಹೊರಗುಳಿದ ತುದಿಗೆ ಗುದ್ದುತ್ತಿತ್ತು. ಆ ತುದಿ ಅಣಬೆಯಂತೆ ಅರಳಿದೊಡನೆ ಮೇಸ್ತ್ರಿ, "ತಲೆ ಬಂತು" ಎನ್ನುತ್ತಿದ್ದ. ಬಿದ್ದ ರಿವೆಟ್ಟನ್ನು ಬಂದವರ ಅಂಗೈಗೆ ಒತ್ತಿ, "ಬೆಂಕಿ ಇಲ್ದೆ ಬಿಸಿ, ನೋಡ್ರೀ" ಎಂದು ಅವರ ಮುಖವನ್ನೇ ನೋಡುತ್ತಿದ್ದ.

ಒಂದು ಬೆಳಿಗ್ಗೆ ಹೊಸ ಅಚ್ಚು ಕೂರಿಸುತ್ತಿದ್ದ. ಶೆಡ್ಡಿನ ಹಿಂದಿನ ಮನೆಯಲ್ಲಿ ಅವನ ಹೆಂಡತಿಗೆ ಹೆರಿಗೆನೋವು. ಗಂಡಸರಿಗೆ ಇಲ್ಲೇನು ಕೆಲಸ ಎಂದು ಸೂಲಗಿತ್ತಿ ಅವನನ್ನು ಹೊರಗಟ್ಟಿದ್ದಳು. ಅಷ್ಟರಲ್ಲಿ ಅವನ ಅವ್ವ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು.

"ತಲೆ ಬಂತು ಕಣ್ಲಾ."

ಮೇಸ್ತ್ರಿ ತಿರುಗಲೇ ಇಲ್ಲ. "ಎಲ್ಲಿ ಬಂತವ್ವ? ತಂತಿನೇ ಜಾರ್ತೈತೆ."

"ನಿನ್ ಮಿಷನ್ದಲ್ಲ ಕಣ್ಲಾ, ಕೂಸಿಂದು!"

ಸ್ಪ್ಯಾನರ್ ಎಸೆದು ಓಡಿದ. ನಾನೂ ಹಿಂದೆಯೇ ಓಡಿ ಜಗಲಿಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಹಳೆ ಸೀರೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೊರಬಂದವನು, ನನ್ನ ಅಂಗೈಯನ್ನು ಎಳೆದು ಅದರ ನೆತ್ತಿಯ ಮೇಲಿಟ್ಟ. ಆಮೇಲೆ ಎಂದಿನಂತೆ ನನ್ನ ಮುಖವನ್ನೇ ನೋಡತೊಡಗಿದ.