ಎರೆ ನೆಲದ ಶಾರ್ಟ್‌ಸ್ಟಾಪ್

ದಾವಣಗೆರೆಗೆ ಬಂದ ಮೂರನೇ ದಿನ ಇಲ್ಲಿಯ ನೆಲ ನನ್ನ ಚಪ್ಪಲಿ ಕಿತ್ತುಕೊಂಡಿತು. ತಮಾಷೆಗೆ ಹೇಳುತ್ತಿಲ್ಲ. ಜೂನ್ ತಿಂಗಳು, ಬೆಳಗ್ಗೆ ಒಂದು ಮಳೆ ಬಿದ್ದಿತ್ತು. ವ್ಯಾಯಾಮ ಶಿಕ್ಷಕಿಯಾಗಿ ಸೇರಿದ್ದ ಶಾಲೆಯ ಹಿಂದಿನ ಖಾಲಿ ಜಾಗ ದಾಟೋಣವೆಂದು ಹೊರಟೆ. ನಾಲ್ಕು ಹೆಜ್ಜೆಗೆ ಪಾದದ ತುಂಬ ಕಪ್ಪು ಮಣ್ಣು ಮೆತ್ತಿಕೊಂಡಿತು, ಐದನೆಯದಕ್ಕೆ ಬರಿಗಾಲು ಮೇಲೆ ಬಂತು, ಚಪ್ಪಲಿ ಒಳಗೇ ಉಳಿಯಿತು. ನಮ್ಮ ಕಾರ್ಕಳದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಮಳೆ. ಆದರೆ ಅಲ್ಲಿ ಕೆಂಪು ಜಲ್ಲಿ ನೆಲ, ಮಳೆ ನಿಂತ ಅರ್ಧ ಗಂಟೆಗೆ ಆಟ ಶುರು ಮಾಡಬಹುದು.

ವಿನೋಬನಗರದಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಗಂಗಮ್ಮನವರು ನನ್ನ ಅವತಾರ ನೋಡಿ ಬಿದ್ದು ಬಿದ್ದು ನಕ್ಕರು. "ಎರಿ ಮಣ್ಣು ಅಂದ್ರೆ ಹಂಗೇರಿ ಮೇಡಂ. ಬರ್ರಿ, ಮೊದ್ಲು ಕಾಲು ತೊಳ್ಕಳ್ರಿ" ಎಂದು ಕೊಡದಲ್ಲಿ ನೀರು ತಂದಿಟ್ಟರು. ಎರೆ ಎಂದರೆ ಇಲ್ಲಿಯವರ ಮಾತಿನಲ್ಲಿ ಹತ್ತಿ ಬೆಳೆಯುವ ಕಪ್ಪು ಭೂಮಿ.

ಊರಿನವರಿಗೆ ಹೇಳಬೇಕಾದ್ದು ಬಹಳ ಇದೆ. ನಾವು ಮನೆಯಲ್ಲಿ ತುಳು ಆಡುವವರು, ನಮ್ಮ ಕನ್ನಡ ಶಾಲೆಯಲ್ಲಿ ಕಲಿತದ್ದು. ತರಕಾರಿ ಗಾಡಿಯವನು ಮೊದಲ ವಾರವೇ, "ನೀವು ವಾರ್ತೆ ಓದಿದಂಗೆ ಮಾತಾಡ್ತೀರಲ್ರಿ" ಎಂದುಬಿಟ್ಟ. ಸುತ್ತಲಿದ್ದವರೆಲ್ಲ ನಕ್ಕರು, ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳ ನಂತರ ಅದೇ ಗಾಡಿಯ ಮುಂದೆ "ಅಷ್ಟು ಬ್ಯಾಡ್ರಿ, ಅರ್ಧ ಕೆಜಿ ಸಾಕು" ಎಂದೆ, ಯಾರೂ ತಿರುಗಿ ನೋಡಲಿಲ್ಲ. ಆ ದಿನ ಕೋಣೆಗೆ ಬಂದು ಒಬ್ಬಳೇ ಕುಣಿದೆ. ಊಟ ಮಾತ್ರ ಮಾತಿನಷ್ಟು ಬೇಗ ಒಗ್ಗಲಿಲ್ಲ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಾಲಿಗೆಗೆ ಹತ್ತಿದವು, ನಿಜ. ಆದರೆ ಅಮ್ಮ ಫೋನಿನಲ್ಲಿ "ಇವತ್ತು ಬಂಗುಡೆ ಸಾರು" ಎಂದರೆ ಏನಾದರೂ ನೆಪ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ.

ಇದೆಲ್ಲ ಎಲ್ಲರೂ ಬರೆಯುವುದೇ. ನಾನು ಬರೆಯಲು ಕೂತದ್ದು ಶಬೀನಾ ಎಂಬ ಹುಡುಗಿಯ ವಿಷಯ.

ನಾನು ಬೇಸ್‌ಬಾಲ್ ಆಡುತ್ತಿದ್ದವಳು, ರಾಜ್ಯ ತಂಡದಲ್ಲಿ ಶಾರ್ಟ್‌ಸ್ಟಾಪ್. ಚೆಂಡು ಹೊಡೆದವಳು ಓಡುತ್ತ ಮುಟ್ಟಬೇಕಾದ ಜಾಗಗಳೇ ಬೇಸ್‌ಗಳು. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವಳು ಶಾರ್ಟ್‌ಸ್ಟಾಪ್. ನೆಲದ ಮೇಲೆ ಹೊಡೆದ ಚೆಂಡು ಹೆಚ್ಚಾಗಿ ಅವಳ ಕಡೆಗೇ ಬರುತ್ತದೆ. ಹಿಡಿದು, ತಿರುಗಿ, ಮೈದಾನದ ಆಚೆ ಬದಿಯ ಮೊದಲನೇ ಬೇಸಿಗೆ ಎಸೆಯಬೇಕು, ಓಡುವವಳು ಅಲ್ಲಿ ಮುಟ್ಟುವ ಮೊದಲು. ಇಲ್ಲಿಯ ಆಯ್ಕೆ ಸಮಿತಿಯವರಿಗೆ ಇದು ಗೊತ್ತಾಗಿ, ಆ ವರ್ಷ ಹುಡುಗಿಯರ ರಾಜ್ಯ ಶಿಬಿರಕ್ಕೆ ಆಯ್ಕೆ ಮಾಡುವಾಗ ನನ್ನನ್ನು ಕರೆದು ಕೂರಿಸಿದರು. ಅಲ್ಲಿ ಆಯ್ಕೆಯಾದವರಿಗೆ ಕ್ರೀಡಾ ವಸತಿ ಶಾಲೆಯ ದಾರಿ ತೆರೆಯುತ್ತದೆ. ಆಟ ಬಿಟ್ಟರೆ ಬೇರೇನೂ ಬೇಡ ಎನ್ನುವ ಹುಡುಗಿಗೆ ಬೇರೆ ದಾರಿ ಇಲ್ಲ.

ಶಬೀನಾ ಹರಿಹರದವಳು, ಆಗ ಒಂಬತ್ತನೇ ತರಗತಿ. ಅವಳ ಕೈ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಚೆಂಡು ಗ್ಲೌಸಿಗೆ ಬಿದ್ದದ್ದು ಕಾಣುತ್ತಿತ್ತು, ಅಲ್ಲಿಂದ ಬಲಗೈಗೆ ಬಂದದ್ದು ಕಾಣುತ್ತಿರಲಿಲ್ಲ. ಎಸೆತವಂತೂ ಮೊದಲನೇ ಬೇಸಿನವಳ ಎದೆಗೇ ನೇರ. ಆ ವಯಸ್ಸಿನಲ್ಲಿ ನನ್ನ ಕೈ ಹಾಗಿರಲಿಲ್ಲ. ಆದರೆ ಕಾಲು? ಚೆಂಡು ಬರುತ್ತಿದ್ದರೆ ಮುಂದೆ ನುಗ್ಗುವ ಬದಲು ಒಂದು ಹೆಜ್ಜೆ ಹಿಂದೆ ಸರಿದು ಕಾಯುತ್ತಿದ್ದಳು. ಮೆಲ್ಲಗೆ ಉರುಳಿ ಬಂದ ಮೂರು ಚೆಂಡಿಗೂ ಹಾಗೇ ಮಾಡಿದಳು, ಮೂರು ಸಲವೂ ಓಡುವವಳು ಗೆದ್ದಳು. ಆಯ್ಕೆಯ ಹಾಳೆಯಲ್ಲಿ ಎಲ್ಲದಕ್ಕೂ ಚೆನ್ನಾಗಿ ಅಂಕ ಕೊಟ್ಟೆ. ಕೊನೆಗೆ ಅಭಿಪ್ರಾಯದ ಜಾಗದಲ್ಲಿ ಬರೆದೆ: "ಚೆಂಡಿನತ್ತ ಹೋಗುವುದಿಲ್ಲ. ಧೈರ್ಯ ಕಡಿಮೆ." ಆ ಒಂದು ಸಾಲಿಗೆ ಅವಳ ಹೆಸರು ಪಟ್ಟಿಯಿಂದ ಬಿತ್ತು.

ಸಂಜೆ ನನ್ನನ್ನು ಹುಡುಕಿಕೊಂಡು ಬಂದಳು. "ಮಿಸ್, ನಾನೇನ್ ತಪ್ಪು ಮಾಡಿದೆ ಹೇಳ್ರಿ, ತಿದ್ಕೋತೀನಿ."

"ಚೆಂಡು ಹತ್ತಿರ ಬರುವ ತನಕ ಕಾಯುತ್ತೀಯಲ್ಲ, ಅದೇ ತಪ್ಪು. ನೀನೇ ಮುಂದೆ ಹೋಗಬೇಕು."

"ಹಂಗಲ್ಲ ಮಿಸ್, ನಮ್ ಕಡೆ ನೆಲ..."

"ನೆಲದ ಮೇಲೆ ತಪ್ಪು ಹಾಕಬೇಡ ಮಾರಾಯ್ತಿ" ಎಂದು ಬಾಯಿ ಮುಚ್ಚಿಸಿದೆ. "ನಾವೂ ಎಂಥೆಂಥ ನೆಲದಲ್ಲಿ ಆಡಿ ಬಂದವರು."

ಅವಳು ತಲೆ ಆಡಿಸಿ ಹೋದಳು. ಎರಡನೇ ಸಲ ಹೇಳಲಿಲ್ಲ. ದೊಡ್ಡವರ ಮಾತಿಗೆ ಎದುರಾಡದ ಮನೆಯಲ್ಲಿ ಬೆಳೆದ ಹುಡುಗಿ.

ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರಕ್ಕೆಂದು ಮೊದಲ ಸಲ ಹರಿಹರಕ್ಕೆ ಹೋದೆ. ಮಕ್ಕಳು ಆಡುವ ಮೈದಾನದಲ್ಲಿ ಬಗ್ಗಿ ಕೂತು ನೆಲ ಮುಟ್ಟಿ ನೋಡಿದೆ. ಜೂನ್‌ನಲ್ಲಿ ಚಪ್ಪಲಿ ನುಂಗಿದ ಅದೇ ಜಾತಿಯ ಮಣ್ಣು ಬಿಸಿಲಿಗೆ ಒಣಗಿ ಬಾಯಿ ಬಿಟ್ಟಿತ್ತು. ಒಂದೊಂದು ಬಿರುಕಿನಲ್ಲಿ ನನ್ನ ಅಂಗೈ ಇಳಿಯುತ್ತಿತ್ತು, ಅಂಚು ಕಲ್ಲಿನ ಹಾಗೆ ಗಟ್ಟಿ. ಆಯ್ಕೆ ನಡೆದದ್ದು ದಾವಣಗೆರೆಯಲ್ಲಿ, ಹೊರಗಿನ ಮಣ್ಣು ಹಾಕಿ ರೋಲರ್ ಹೊಡೆದ ಮೈದಾನದಲ್ಲಿ. ವರ್ಷ ಕಳೆಯುತ್ತಾ ಬಂದರೂ ಎರೆ ಬಿರಿದದ್ದನ್ನು ನಾನು ನೋಡಿಯೇ ಇರಲಿಲ್ಲ.

ಅಲ್ಲೇ ಒಬ್ಬರು ಬಂದು ನಮಸ್ಕಾರ ಮಾಡಿದರು. "ನೀವೇ ಏನ್ರಿ ಕಾರ್ಕಳದ ಮೇಡಂ? ನಾನು ಶಬೀನಾನ ಅಬ್ಬಾ, ರಫೀಕ್." ಆಟೊಗಳಿಗೆ ಸೀಟಿನ ಕುಶನ್ ಹೊಲಿಯುವವರು. ಶಬೀನಾ ಎಲ್ಲಿ ಎಂದು ಕೇಳಿದೆ.

"ಆಡೋದು ಬಿಟ್ಟಾಳ್ರಿ. ಹೋದ ತಿಂಗಳು ಚೆಂಡು ಬಿರುಕಿನ ಅಂಚಿಗೆ ಬಡಿದು ಎದ್ದು ಮುಖಕ್ಕೇ ಬಂತು. ಕಣ್ಣಿನ ಕೆಳಗಿನ ಎಲುಬು ಮುರೀತು. ಅಲ್ಲಾನ ದಯಾ, ಕಣ್ಣು ಉಳೀತು." ಕಾಲಿನಿಂದ ಬಿರುಕಿನ ಅಂಚು ತೋರಿಸಿ ಹೇಳಿದರು: "ಬ್ಯಾಸಗ್ಯಾಗ ಈ ನೆಲದ ಮ್ಯಾಲೆ ಮುಂದೆ ಹೋಗಬಾರದ್ರಿ ಮೇಡಂ. ಹಿಂದೆ ನಿಂತು ಚೆಂಡಿನ ಮರ್ಜಿ ನೋಡ್ಬೇಕು. ಸಣ್ಣಾಕಿ ಇದ್ದಾಗಿಂದ ಹಂಗೇ ಆಡಿದಾಕಿ. ನೀವು ಮುಂದೆ ಹೋಗು ಅಂದ್ರಂತಲ್ಲ, ದಿನಾ ಅದನ್ನೇ ಮಾಡಿದ್ಲು. ತಪ್ಪು ತಿಳೀಬ್ಯಾಡ್ರಿ, ಇದ್ದದ್ದು ಹೇಳಿದೆ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಶಬೀನಾ ಬಾಗಿಲಿಗೆ ಬಂದಳು. ಎಡಗೆನ್ನೆ ಒಳಗೆ ಕುಸಿದಿತ್ತು. ನನ್ನನ್ನು ನೋಡಿ ಮುಖ ಅರಳಿಸಿದಳು ನೋಡಿ, ಅದನ್ನು ನಾನು ಸಾಯುವ ತನಕ ಮರೆಯಲಾರೆ. "ಮಿಸ್, ಮುಂದೆ ಹೋಗೋದು ಬಂತು ಮಿಸ್! ಅಷ್ಟು ತಿಂಗಳು ಮಾಡಿದೆ, ಒಂದೇ ಸಲ ಬಡೀತು."

ಇಂಥ ನೆಲದಲ್ಲಿ ಬೆಳೆದು, ಪ್ರತಿ ಚೆಂಡನ್ನೂ ಓದಲು ಕಲಿತ ಹುಡುಗಿಗೆ ಧೈರ್ಯ ಕಡಿಮೆ ಎಂದು ಬರೆದವಳು ನಾನು. ಕಾಯುವುದು ಅವಳ ಹೆದರಿಕೆಯಲ್ಲ, ವಿದ್ಯೆ. ಸಮತಟ್ಟು ನೆಲದಲ್ಲಿ ಒಂದು ತಿಂಗಳು ಆಡಿಸಿದ್ದರೆ ತಾನಾಗಿ ಮುಂದೆ ಬರುತ್ತಿದ್ದಳು. ನೆಲದ ಆ ಒಂದು ಮಾತನ್ನು ಅವಳ ಬಾಯಿಂದ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಹತ್ತನೇ ತರಗತಿಯ ವರ್ಷ ಅವಳಿಗೆ ಇನ್ನೊಂದು ಅವಕಾಶ ಇತ್ತು. ಕೆನ್ನೆಯ ಗಾಯ ಮಾಗಿದ ಮೇಲೆ ಭಾನುವಾರ ಬಿಡದೆ ಹರಿಹರದ ಬಸ್ಸು ಹತ್ತಿದೆ. ಸಿಮೆಂಟಿನ ಅಂಗಳದಲ್ಲಿ ಟೆನಿಸ್ ಚೆಂಡು ಉರುಳಿಸಿ ಶುರು ಮಾಡಿದೆವು. ಕೈ ಹಾಗೇ ಇತ್ತು, ಎಸೆತ ಹಾಗೇ ಇತ್ತು. ಚೆಂಡು ಗ್ಲೌಸಿಗೆ ಬರುವ ಹೊತ್ತಿಗೆ ಮಾತ್ರ ಮುಖ ಪಕ್ಕಕ್ಕೆ ತಿರುಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. "ಇಲ್ಲ ಮಿಸ್, ಈ ಸಲ ಮುಚ್ಚಲ್ಲ" ಎನ್ನುತ್ತಿದ್ದಳು. ಮುಚ್ಚುತ್ತಿದ್ದಳು. ಆ ನಡುವೆ ಅಮ್ಮ ಫೋನ್ ಮಾಡಿ, ಊರಿನ ಶಾಲೆಯಲ್ಲೇ ಕೆಲಸ ಖಾಲಿ ಇದೆ, ಬಂದುಬಿಡು ಎಂದರು. ಆಗಲ್ಲ ಎಂದೆ.

ಈ ವರ್ಷವೂ ಆಯ್ಕೆಗೆ ನನ್ನನ್ನೇ ಕೂರಿಸಿದರು. ಶಬೀನಾ ಬಂದಳು. ಹತ್ತು ಚೆಂಡು ಹೊಡೆಸಿದೆ. ಹತ್ತಕ್ಕೂ ಮುಂದೆ ನುಗ್ಗಿ ಬಂದಳು, ನಾನು ಹೇಳಿಕೊಟ್ಟ ಹಾಗೆಯೇ. ಹತ್ತಕ್ಕೂ ಮುಖ ತಿರುಗಿಸಿದಳು, ಏಳು ಕೈತಪ್ಪಿದವು. ಆಟ ಮುಗಿಸಿ ಮೇಜಿನ ಹತ್ತಿರ ಬಂದು ನಿಂತಳು. ನನ್ನ ಪೆನ್ನು ಓಡುತ್ತಿರಲಿಲ್ಲ.

"ಬರೀರಿ ಮಿಸ್" ಎಂದಳು ಮೆಲ್ಲಗೆ. "ಇದ್ದದ್ದೇ ಬರೀರಿ. ಅಳಬ್ಯಾಡ್ರಿ."

ಬರೆದೆ: "ಚೆಂಡಿಗೆ ಹೆದರುತ್ತಾಳೆ." ಹೋದ ವರ್ಷ ಬರೆದದ್ದು ಸುಳ್ಳು, ಈ ವರ್ಷ ಬರೆದದ್ದು ನಿಜ. ಆ ಸುಳ್ಳನ್ನು ನಿಜ ಮಾಡಿದವಳು ನಾನೇ.

ಕೆಳಗೆ ಸಹಿ ಹಾಕಿದೆ. ಸಹಿಯ ಪಕ್ಕದಲ್ಲಿ ಊರು ಬರೆಯಲು ಜಾಗ ಇತ್ತು. ಕಾರ್ಕಳ ಎಂದು ಬರೆಯೋಣವೆಂದರೆ, ಅಲ್ಲಿಯ ನೆಲವನ್ನೇ ಅಳತೆಗೋಲು ಮಾಡಿಕೊಂಡು ಈ ಮಗುವನ್ನು ಕೆಡಿಸಿದ್ದೆ. ದಾವಣಗೆರೆ ಎಂದು ಬರೆಯಲು ನನಗೆ ಮುಖವಿಲ್ಲ. ಪಕ್ಕದಲ್ಲಿ ಕೂತವರು "ಬೇಗ ಕೊಡ್ರಿ ಮೇಡಂ" ಎಂದರು. ಆ ಜಾಗ ಖಾಲಿ ಬಿಟ್ಟೇ ಹಾಳೆ ಕೊಟ್ಟೆ.