ಎರಡು ಗೆರೆಯ ಮರಿ, ನಾಲ್ಕು ಸಲದ ಸ್ನಾನ

ಶೆಟ್ಟಿಕೊಪ್ಪದ ನನ್ನ ತವರಿನಿಂದ ಬುಟ್ಟಿಯಲ್ಲಿ ತಂದ ಬೆಕ್ಕಿನ ಮರಿಯಿಂದ ಕೊಪ್ಪದ ದನದ ಡಾಕ್ಟ್ರು ಚೂರು ರಕ್ತ ತೆಗೆದು ಪರೀಕ್ಷೆಯ ಕಾರ್ಡಿನ ಮೇಲೆ ಬಿಟ್ಟರು. ಬೆಕ್ಕಿಗೆ ಬರುವ ಎರಡು ವೈರಸ್ಸಿಗೆ ಎರಡು ಕಿಟಕಿ. ಒಂದರಲ್ಲಿ ಒಂದೇ ಗೆರೆ. ಇನ್ನೊಂದರಲ್ಲಿ ಎರಡು! ಕೊರೊನಾ ಕಂಡವರಿಗೆ ಎರಡು ಗೆರೆಯ ಅರ್ಥ ಬಿಡಿಸಿ ಹೇಳಬೇಕೆ? ನಾನು ಅಲ್ಲೇ ಗೊಳೋ ಎಂದು ಅಳಲು ಶುರು ಮಾಡಿದೆ.

"ಅಯ್ಯೋ, ಅಳ್ಬೇಡಿ ಮಾರಾಯ್ರೆ," ಎಂದರು ಡಾಕ್ಟ್ರು. "ಈ ಕಿಟಕಿ ತೋರ್ಸೂದು ವೈರಸ್ಸನ್ನಲ್ಲ, ಅದರ ಎದುರು ಹುಟ್ಟುವ ಪ್ರತಿಕಾಯವನ್ನು. ತಾಯಿ ಹಾಲಲ್ಲೇ ಬಂದಿರ್ಬಹುದು. ಮರಿಗೆ ಆರು ತಿಂಗಳು ತುಂಬಿದ ಮೇಲೆ ಇನ್ನೊಂದ್ಸಲ ನೋಡುವ. ಮನುಷ್ಯರಿಗಂತೂ ಇದು ಹರಡೂದೇ ಇಲ್ಲ."

ಬಸರೀಕಟ್ಟೆಯ ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಒಪ್ಪಿಸಿದೆ. ಅವರ ಕಿವಿಗೆ ಬಿದ್ದದ್ದು ಎರಡು ಗೆರೆ ಮಾತ್ರ. "ಮೈಲಿಗೆ!" ಎಂದರು. ವೈರಸ್ಸಿಗೂ ಮೈಲಿಗೆಗೂ ಎಂತ ಸಂಬಂಧ ಅಂತ ಕೇಳುವ ಧೈರ್ಯ ಅವರ ಮಗನಿಗೇ ಇಲ್ಲ, ಇನ್ನು ನನಗೆ? ಮರಿಗೆ ಸೌದೆ ಕೊಟ್ಟಿಗೆ, ಬೇರೆ ತಟ್ಟೆ, ಬೇರೆ ಗೋಣಿಚೀಲ. ಮುಟ್ಟಿದವರು ಮಿಂದೇ ಒಳಗೆ ಬರಬೇಕು. "ಮತ್ತೆ ಎರಡು ಗೆರೆ ಬಂತೋ, ವಾಪಸ್ ನಿನ್ನ ತವರಿಗೆ," ಎಂದು ತೀರ್ಪೂ ಆಯಿತು.

ಸಿಟ್ಟು ನೆತ್ತಿಗೇರಿತು. ಆದರೆ ಮರಿ ಉಳಿಯಬೇಕಲ್ಲ! ಅದನ್ನು ಬಿಟ್ಟಿರುವುದು ನನ್ನಿಂದಾಗದು. ದಿನಕ್ಕೆ ಎರಡು ಸಲ ಮಿಂದೆ. ತಲೆಗೂದಲು ಒಣಗಿದ ದಿನವಿಲ್ಲ. ಹಂಡೆಯಲ್ಲಿ ನನಗೆ ಬಿಸಿನೀರು ಸಿಕ್ಕಿದ ದಿನವೂ ಇಲ್ಲ, ಯಾಕೆಂದರೆ ಅತ್ತೆ ನಾಲ್ಕು ಸಲ ಮೀಯುತ್ತಿದ್ದರು. "ನಿನ್ನ ಆ ಪ್ರಾಣಿ ಕಾಲಿಗೆ ಸುತ್ತಿಕೊಳ್ತದೆ, ಎಂತ ಮಾಡೂದು!" ಎಂದು ಗೊಣಗುತ್ತಿದ್ದರು. ಶಭಾಸ್ ಮರಿ, ಇನ್ನಷ್ಟು ಸುತ್ತಿಕೋ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಆರು ತಿಂಗಳು ತುಂಬಿತು. ಕೊಪ್ಪಕ್ಕೆ ಹೊರಟಾಗ ಅತ್ತೆಯೂ ಜೀಪು ಹತ್ತಿದರು. ಗೆರೆಯನ್ನು ಅವರೇ ಕಣ್ಣಾರೆ ನೋಡಬೇಕಂತೆ. ಮತ್ತೆ ರಕ್ತ, ಮತ್ತೆ ಕಾರ್ಡು. ಹತ್ತು ನಿಮಿಷ ನಾನು ಕಾರ್ಡಿನಿಂದ ಕಣ್ಣು ಕೀಳಲಿಲ್ಲ. ಎರಡೂ ಕಿಟಕಿಯಲ್ಲಿ ಒಂದೊಂದೇ ಗೆರೆ!

"ನೆಗೆಟಿವ್," ಎಂದರು ಡಾಕ್ಟ್ರು. "ತಾಯಿ ಕೊಟ್ಟದ್ದೇ ಇತ್ತು, ಈಗ ಕರಗಿದೆ."

ನಾನು ಕುಣಿಯುವುದೊಂದು ಬಾಕಿ. ಬುಟ್ಟಿ ತೆರೆದೆ. ಮರಿ ನನ್ನ ಕಡೆ ತಿರುಗಿಯೂ ನೋಡದೆ ಸೀದಾ ಅತ್ತೆಯ ಮಡಿಲಿಗೆ ಹಾರಿ, ಸೆರಗಿನೊಳಗೆ ತೂರಿ, ದಿನವೂ ಅಲ್ಲೇ ಮಲಗುವಂತೆ ಮುದುಡಿಕೊಂಡಿತು.

ಅತ್ತೆ ಅದರ ಕತ್ತು ತುರಿಸುತ್ತ ಹೇಳಿದರು, "ಅಬ್ಬಾ! ಇನ್ನು ನಾಲ್ಕು ನಾಲ್ಕು ಸಲ ಮೀಯೂದು ತಪ್ಪಿತು, ಕೂಸೆ."